ದ್ಯಾಮವ್ವನ ಕಲ್ಲು

ದ್ಯಾಮವ್ವನಿಗೆ ದಿನಾ ಬೆಳಿಗ್ಗೆ ಆರು ಗಂಟೆಗೆ ಎರಡು ಚಮಚ ತುಪ್ಪ ಕುಡಿಸುತ್ತಿದ್ದರು. ಹಸುವಿನ ತುಪ್ಪ, ಹದವಾಗಿ ಕರಗಿಸಿದ್ದು, ಸ್ಟೀಲಿನ ಬಟ್ಟಲಿನಲ್ಲಿ. ಊರಿನ ಅರ್ಧ ಜನಕ್ಕೆ ಅಂಥ ತುಪ್ಪ ಹಬ್ಬದ ದಿನವೂ ಸಿಗುತ್ತಿರಲಿಲ್ಲ. ಕುಡಿದು ಇಪ್ಪತ್ತು ನಿಮಿಷಕ್ಕೆ ಬಲಪಕ್ಕೆಯ ಕೆಳಗೆ ನೋವು ಏಳುತ್ತಿತ್ತು. ಅಲ್ಲಿಂದ ಬೆನ್ನಿಗೆ, ಬೆನ್ನಿನಿಂದ ಬಲ ಹೆಗಲಿಗೆ. ಅವಳು ಮಂಚದ ಸರಳನ್ನು ಎರಡೂ ಕೈಯಲ್ಲಿ ಹಿಡಿದು, ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಒಂದೂ ಬಿಡದೆ ಬೈಯುತ್ತಿದ್ದಳು. ಬೈಗುಳ ಮುಗಿಯುವ ಹೊತ್ತಿಗೆ ಅವಳ ಪಕ್ಕೆಗೆ ಚುಚ್ಚಿದ್ದ ಸಣ್ಣ ನಳಿಕೆಯಲ್ಲಿ ಹಸಿರು ಬಣ್ಣದ ಪಿತ್ತ ಇಳಿಯುತ್ತಿತ್ತು. ಲ್ಯಾಬಿನ ಮೌನೇಶ ಪತ್ತಾರ ಅದನ್ನು ನಾಲ್ಕು ಸಿರಿಂಜಿಗೆ ಎಳೆದುಕೊಂಡು, ಮೇಲೆ ತಾರೀಖು ಬರೆದು, ಐಸ್ ಡಬ್ಬಿಯಲ್ಲಿಡುತ್ತಿದ್ದ.

"ತುಂಬಿತೇನೋ ನಿನ್ನ ಕೊಡಾ?" ಅನ್ನುತ್ತಿದ್ದಳು ದ್ಯಾಮವ್ವ, ಬೆವರು ಒರೆಸಿಕೊಳ್ಳುತ್ತ.

"ತುಂಬಿತು ದ್ಯಾಮಕ್ಕಾ. ಇವತ್ತು ಛಲೋ ಬಂದೈತಿ."

"ಬರಲಾರದ ಏನು. ನನ್ನ ಜೀವಾನ ಹಿಂಡೀರಲ್ಲ."

ಆ ನಾಲ್ಕು ಸಿರಿಂಜಿನಿಂದ ದಿನಕ್ಕೆ ನಾಲ್ಕು ಜನ ಬದುಕುತ್ತಿದ್ದರು. ಅದು ಸುಳ್ಳಲ್ಲ. ಹನ್ನೊಂದು ತಿಂಗಳಿಂದ ಗದಗಿನ ಹೊರವಲಯದ ಆ ಆಸ್ಪತ್ರೆ ನಿಂತಿದ್ದೇ ಅವಳ ಪಕ್ಕೆಯ ನಳಿಕೆಯ ಮೇಲೆ. ಜನ ಅದನ್ನು ಪಿತ್ತದ ದವಾಖಾನಿ ಅನ್ನುತ್ತಿದ್ದರು.

ಔಷಧಗಳು ಸೋತು ಆಗಲೇ ಹನ್ನೆರಡು ವರ್ಷ. ಒಂದೇ ದಿನ ಸೋತದ್ದಲ್ಲ. ನೆಗಡಿ ಬಂದರೆ ನುಂಗಿದರು, ಕೋಳಿ ದಪ್ಪಗಾಗಲಿ ಅಂತ ಕೋಳಿಗೆ ತಿನ್ನಿಸಿದರು, ಜ್ವರ ಇಳಿದ ಕೂಡಲೇ ಅರ್ಧಕ್ಕೆ ಬಿಟ್ಟರು. ಕ್ರಿಮಿಗಳು ಅಷ್ಟನ್ನೂ ನೋಡಿ ಕಲಿತವು. ಮೊದಲಾದರೆ ಪಿತ್ತಕೋಶದ ಆಪರೇಶನ್ ಅಂದರೆ ಇವತ್ತು ಹೋಗಿ ನಾಳೆ ಮನೆಗೆ ಬರುವ ಕೆಲಸ. ಕತ್ತರಿಸುವುದು ಈಗಲೂ ಅಷ್ಟೇ ಸುಲಭವಾಗಿತ್ತು. ಆದರೆ ಕತ್ತರಿಸಿದ ಮೇಲೆ ಪಿತ್ತನಾಳದಲ್ಲಿ ಉಳಿದ ಕ್ರಿಮಿ ರಕ್ತಕ್ಕೆ ಇಳಿದರೆ ಅದನ್ನು ಕೊಲ್ಲುವಂಥದ್ದು ಯಾವ ಅಂಗಡಿಯಲ್ಲೂ ಇರಲಿಲ್ಲ. ಮೂರನೇ ದಿನ ಚಳಿ, ಐದನೇ ದಿನ ಕಣ್ಣು ಹಳದಿ, ಎಂಟನೇ ದಿನ ಮಂಚ ಖಾಲಿ.

ಮೌನೇಶನ ಕೆಲಸ ಪಿತ್ತವನ್ನು ಪರೀಕ್ಷಿಸುವುದು. ಪಿತ್ತದಲ್ಲಿ ಬೆಳೆದ ಕ್ರಿಮಿಯನ್ನು ಗಾಜಿನ ಪ್ಲೇಟಿಗೆ ಸವರಿ, ಅದರ ಮೇಲೆ ಒಂದೊಂದು ಔಷಧದಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟು, ಒಂದು ದಿನ ಬೆಚ್ಚಗಿಡಬೇಕು. ಕ್ರಿಮಿ ಔಷಧಕ್ಕೆ ಬಗ್ಗಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ದುಂಡನೆಯ ಬಯಲು ಉಳಿಯುತ್ತದೆ. ಬಗ್ಗದಿದ್ದರೆ ಬಿಲ್ಲೆಯ ಅಂಚಿಗೇ ಬಂದು ಕೂರುತ್ತದೆ. ಹನ್ನೆರಡು ವರ್ಷದಿಂದ ಮೌನೇಶ ಬಯಲು ಕಂಡಿರಲಿಲ್ಲ. ಆದರೂ ದಿನಾ ಬಿಲ್ಲೆ ಇಡುತ್ತಿದ್ದ, ದಿನಾ ರಿಪೋರ್ಟು ಬರೆಯುತ್ತಿದ್ದ. ಸರ್ಕಾರ ಸಂಬಳ ಕೊಡುತ್ತಿದ್ದದ್ದು ಅದಕ್ಕೇ.

ದ್ಯಾಮವ್ವ ಸ್ಟೇಶನ್ ರಸ್ತೆಯ ಖಾನಾವಳಿಯೊಂದರಲ್ಲಿ ಮೂವತ್ತು ವರ್ಷ ಜೋಳದ ರೊಟ್ಟಿ ಬಡಿದವಳು. ಗಂಡ ಸತ್ತಿದ್ದ, ಮಕ್ಕಳಾಗಿರಲಿಲ್ಲ. ಹೊಟ್ಟೆನೋವೆಂದು ಬಂದಾಗ ಬಾತ ಪಿತ್ತಕೋಶಕ್ಕೆ ನಳಿಕೆ ಹಾಕಿ, ಬಾವು ಇಳಿದ ಮೇಲೆ ಹದಿನೈದು ದಿನಕ್ಕೆ ಆಪರೇಶನ್ ಅಂತ ಬರೆದುಕೊಂಡಿದ್ದರು. ಮರುದಿನ ಅವಳ ಪ್ಲೇಟು ತೆಗೆದು ನೋಡಿದರೆ ಹನ್ನೆರಡು ಬಿಲ್ಲೆಗೆ ಹನ್ನೆರಡು ಬಯಲು. ಮೌನೇಶ ತಾನೇ ಏನೋ ಕೆಡಿಸಿದೆನೆಂದುಕೊಂಡು ಇನ್ನೆರಡು ಸಲ ಮಾಡಿದ. ಮೂರನೇ ಸಲ ಪ್ಲೇಟು ಹಿಡಿದುಕೊಂಡು ಚಪ್ಪಲಿ ಕೂಡ ಮೆಟ್ಟದೆ ಮುಖ್ಯಸ್ಥೆ ಡಾ. ನಿರ್ಮಲಾ ಹಂಚಿನಾಳರ ಕೋಣೆಗೆ ಓಡಿದ್ದ.

ಲೆಕ್ಕ ಹಾಕಿ ನೋಡಿದಾಗ ತಿಳಿದದ್ದು ಇಷ್ಟು. ದ್ಯಾಮವ್ವನ ಪಿತ್ತಕೋಶದಲ್ಲಿ ಹುಣಸೆಬೀಜದಷ್ಟು ದೊಡ್ಡ ಕಲ್ಲಿತ್ತು. ಅದು ಕಟ್ಟಿದ್ದು ಅವಳ ಹರೆಯದಲ್ಲಿ, ಔಷಧಗಳು ಇನ್ನೂ ಔಷಧಗಳಾಗಿದ್ದ ಕಾಲದಲ್ಲಿ. ಆಗಿನ ಕ್ರಿಮಿ ಕಲ್ಲಿನ ಹೊಟ್ಟೆಯೊಳಗೆ ಸಿಕ್ಕಿಕೊಂಡು, ಹೊರಗಿನ ಪಾಠ ಯಾವುದನ್ನೂ ಕಲಿಯದೆ, ಈಗ ನಿಧಾನವಾಗಿ ಹೊರಗೆ ಒಸರುತ್ತಿತ್ತು. ಅದಕ್ಕೆ ಇನ್ನೊಂದು ಗುಣವಿತ್ತು: ತನ್ನದೇ ಜಾತಿಯ ಸೊಕ್ಕಿನ ಕ್ರಿಮಿಗಳನ್ನು ಕೊಲ್ಲುವ ವಿಷ. ಅದನ್ನು ಬೇರೆ ರೋಗಿಯ ಪಿತ್ತನಾಳಕ್ಕೆ ಬಿಟ್ಟರೆ ಎರಡು ದಿನದಲ್ಲಿ ಅಲ್ಲಿದ್ದವನ್ನು ಓಡಿಸಿ ತಾನೇ ಮನೆಮಾಡುತ್ತಿತ್ತು. ಆಮೇಲೆ ಅದನ್ನು ಕೊಲ್ಲಲು ಹಳೆಯ ಕೆಂಪು-ಕಪ್ಪು ಕ್ಯಾಪ್ಸೂಲೇ ಸಾಕು. ಏಳು ದಿನ, ದಿನಕ್ಕೆ ನಾಲ್ಕು. ಕ್ರಿಮಿ ಒಡೆದು ಸಾಯುವಾಗಲೇ ಅದರ ವಿಷ ಪೂರ್ತಿ ಹೊರಬಿದ್ದು, ಮೂಲೆಯಲ್ಲಿ ಅಡಗಿದ ಸೊಕ್ಕಿನವೂ ಸಾಯುತ್ತಿದ್ದವು. ಅದಕ್ಕೇ ಏಳು ದಿನ ತಪ್ಪದೆ ನುಂಗಬೇಕಿತ್ತು.

ಲ್ಯಾಬಿನಲ್ಲಿ ಬೆಳೆಸಿಕೊಳ್ಳೋಣವೆಂದರೆ ಅದು ಬಗ್ಗಲಿಲ್ಲ. ಪ್ಲೇಟಿನ ಮೇಲೆ ಎರಡು ದಿನ ಕಳೆದರೆ ಬದುಕಿರುತ್ತಿತ್ತು, ವಿಷ ಮಾಡುವುದನ್ನು ಮರೆಯುತ್ತಿತ್ತು. ಕಲ್ಲಿನಿಂದ ಆಗತಾನೇ ಇಳಿದ ತಾಜಾ ಪಿತ್ತವೇ ಬೇಕು. ಹಾಗಾಗಿ ದ್ಯಾಮವ್ವನಿಗೆ ಆಪರೇಶನ್ ಇಲ್ಲ. ಕ್ಯಾಪ್ಸೂಲೂ ಇಲ್ಲ. ಜೋರು ನೋವಿನ ಇಂಜೆಕ್ಷನ್ನೂ ಇಲ್ಲ, ಅದರಿಂದ ಪಿತ್ತದ ಹರಿವು ಕಡಿಮೆಯಾದೀತೆಂದು. ಪಿತ್ತಕೋಶ ಹಿಂಡಿಕೊಳ್ಳಲಿ ಅಂತ ದಿನಾ ತುಪ್ಪ. ಕಂಪ್ಯೂಟರಿನಲ್ಲಿ ಅವಳ ಹೆಸರನ್ನು ರೋಗಿಗಳ ಪಟ್ಟಿಯಿಂದ ತೆಗೆದು 'ಮೂಲ-೧' ಅಂತ ಬರೆದರು.

ಗೌರವಕ್ಕೇನೂ ಕಡಿಮೆ ಮಾಡಿರಲಿಲ್ಲ. ಅವಳಿಗೊಂದು ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ. ಬದುಕಿದವರ ಮನೆಯವರು ಸೀರೆ ತಂದು ಉಡಿ ತುಂಬುತ್ತಿದ್ದರು, ಕಾಲಿಗೆ ಬೀಳುತ್ತಿದ್ದರು, ತುಪ್ಪದಲ್ಲಿ ಮುಳುಗಿಸಿದ ಹೋಳಿಗೆ ತಂದು "ಒಂದ ತುತ್ತು ತಿನ್ರಿ ಯವ್ವಾ" ಅಂತ ಜುಲುಮೆ ಮಾಡುತ್ತಿದ್ದರು. ಹೋಳಿಗೆ ತಿಂದರೆ ಸಂಜೆಯೂ ನೋವು. ಅವರಿಗೆ ಅದು ಗೊತ್ತಿತ್ತು. ಅವರ ಪೈಕಿ ಇನ್ನೊಬ್ಬರು ಸರದಿಯಲ್ಲಿದ್ದರೆ ಇನ್ನೊಂದು ಹೋಳಿಗೆ ಹೆಚ್ಚಿಗೆ ತರುತ್ತಿದ್ದರು.

"ಮೇಡಮ್ಮಾರ, ಆಪರೇಶನ್ ಯಾವಾಗ್ರಿ?" ಅಂತ ಅವಳು ಪ್ರತಿ ಸೋಮವಾರ ಕೇಳುತ್ತಿದ್ದಳು.

"ಸರದಿ ಕರಗಲಿ ದ್ಯಾಮವ್ವಾ, ಮಾಡೋಣಂತ" ಅನ್ನುತ್ತಿದ್ದರು ಡಾ. ಹಂಚಿನಾಳ. ಅವರು ಕೆಟ್ಟವರಲ್ಲ. ಸರದಿಯಲ್ಲಿ ಇನ್ನೂರು ಜನರಿದ್ದರು, ದಿನಕ್ಕೆ ಆರು ಜನ ಹೊಸಬರು ಬರುತ್ತಿದ್ದರು, ನಾಲ್ಕು ಜನಕ್ಕೆ ಮಾತ್ರ ಆಗುತ್ತಿತ್ತು. ಆ ಸರದಿ ಹೇಗೆ ಕರಗಬೇಕೋ ಅವರಿಗೇ ಗೊತ್ತು.

ಏಳನೇ ತಿಂಗಳಲ್ಲಿ ಮೌನೇಶನಿಗೆ ಒಂದು ವಿಚಾರ ಹೊಳೆಯಿತು. ಆಪರೇಶನ್ನಿನಲ್ಲಿ ತೆಗೆದ ಕಲ್ಲುಗಳನ್ನು ತೊಳೆದು, ಸ್ಪಿರಿಟ್ ತುಂಬಿದ ಸಣ್ಣ ಬಾಟಲಿಯಲ್ಲಿ ಹಾಕಿ, ರೋಗಿಯ ಮನೆಯವರ ಕೈಗೆ ಕೊಡುವುದು ಆಸ್ಪತ್ರೆಯ ಪದ್ಧತಿ. ಅವರು ಅದನ್ನು ಶೋಕೇಸಿನಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ಹಾಗಾಗಿ ಕಲ್ಲು ಎಂದೂ ಲ್ಯಾಬಿಗೆ ಬರುತ್ತಿರಲಿಲ್ಲ. ಒಮ್ಮೆ ಯಾರೂ ಕೇಳದ ಒಂದು ಕಲ್ಲು, ಇನ್ನೂ ಸ್ಪಿರಿಟ್ ಮುಟ್ಟದ್ದು, ಅವನ ಕೈಗೆ ಬಂತು. ಅವನು ಚಿನ್ನಬೆಳ್ಳಿ ಕೆಲಸದ ಪತ್ತಾರರ ಮನೆಯ ಹುಡುಗ. ಸಣ್ಣ ಗರಗಸ ಹಿಡಿಯುವುದು ಅಪ್ಪನಿಂದ ಬಂದಿತ್ತು. ಎರಡು ಹೋಳು ಮಾಡಿ ನೋಡಿದರೆ ತಿರುಳಿನಲ್ಲಿ ಕ್ರಿಮಿ ಜೀವಂತ. ಹಾಗಿದ್ದರೆ ದ್ಯಾಮವ್ವನ ಕಲ್ಲನ್ನು ಹೊರಗೆ ತೆಗೆದು, ಕಸಾಯಿಖಾನೆಯಿಂದ ತಂದ ಎಮ್ಮೆಯ ಪಿತ್ತದಲ್ಲಿ ಬೆಚ್ಚಗೆ ಇಟ್ಟರೆ? ಕಲ್ಲಿಗೆ ಅವಳೇ ಯಾಕೆ ಬೇಕು, ಪಿತ್ತವಿದ್ದರೆ ಸಾಲದೇ? ಸೋಮವಾರದ ಮೀಟಿಂಗಿನಲ್ಲಿ ಹೇಳಲೆಂದು ಅವನು ಅದನ್ನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡ.

ಶನಿವಾರ ಅವನ ಹೆಂಡತಿ ಪ್ರಭಾವತಿಗೆ ಚಳಿ ಬಂತು.

ಪ್ರಭಾವತಿಗೆ ವಾರದ ಹಿಂದಷ್ಟೇ ಅದೇ ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆದಿದ್ದರು. ಮೌನೇಶ ಅವಳ ಪ್ಲೇಟನ್ನು ತಾನೇ ಹಾಕಿ, ತಾನೇ ತೆಗೆದು ನೋಡಿದ. ಹನ್ನೆರಡು ಬಿಲ್ಲೆ, ಒಂದೂ ಬಯಲಿಲ್ಲ. ಸೋಮವಾರ ಬೆಳಿಗ್ಗೆ ಸರದಿಯಲ್ಲಿ ತುರ್ತಿನವರ ಪೈಕಿ ಅವಳು ಒಂಬತ್ತನೆಯವಳು. ಅಂದರೆ ಬುಧವಾರ ಅವಳ ಪಾಳಿ. ಮೀಟಿಂಗಿನಲ್ಲಿ ಡಾ. ಹಂಚಿನಾಳ "ಯಾರದರ ಏನರ ಹೇಳೋದು ಅದ ಏನು?" ಅಂತ ಕೇಳಿದರು. ಮೌನೇಶನಿಗೆ ಬುಧವಾರದ ಪಾಳಿ ನೆನಪಾಯಿತು. ಹೊರಗೆ ತೆಗೆದ ಕಲ್ಲು ಎರಡು ದಿನ ಸುಮ್ಮನಾದರೆ? ಸತ್ತೇ ಹೋದರೆ? ಇರುವುದು ಒಂದೇ ಕಲ್ಲು. ಮೌನೇಶ ಜೇಬು ಮುಟ್ಟಿ ನೋಡಿಕೊಂಡು, ಏನಿಲ್ಲ ಅಂತ ತಲೆಯಾಡಿಸಿದ.

ಬುಧವಾರ ಪ್ರಭಾವತಿಯ ಪಾಳಿ ಬಂತು. ಶುಕ್ರವಾರ ಜ್ವರ ಇಳಿಯಿತು. ಅಂದು ಮೌನೇಶ ದ್ಯಾಮವ್ವನ ಕಾಲು ಮುಟ್ಟಿ ನಮಸ್ಕರಿಸಿದ. ಆಮೇಲೆ ಬಾಯಿ ಬಿಡಬಹುದಿತ್ತು. ಮುಂದಿನ ಸೋಮವಾರ ಹೇಳೋಣವೆಂದುಕೊಂಡ, ಅದರ ಮುಂದಿನದಕ್ಕೆ ಮುಂದೂಡಿದ. ಅಷ್ಟರಲ್ಲಿ, ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನು ಹೇಳಲಿ ಅನ್ನುವ ನಾಚಿಕೆ ಹತ್ತಿಕೊಂಡಿತು. ಚೀಟಿ ಅಂಗಿಯ ಜೊತೆ ಒಗೆಯಲು ಹೋಗಿ ಮುದ್ದೆಯಾಯಿತು. ಮನುಷ್ಯ ದೊಡ್ಡ ಪಾಪಗಳನ್ನು ಮಾಡುವುದು ಹೆಚ್ಚಾಗಿ ಹೀಗೇ, ಸೋಮವಾರದಿಂದ ಸೋಮವಾರಕ್ಕೆ.

ಪ್ರಭಾವತಿ ಮನೆಗೆ ಬಂದಾಗ ಇಪ್ಪತ್ತೆಂಟು ಕ್ಯಾಪ್ಸೂಲು ಕೊಟ್ಟಿದ್ದರು. ನಾಲ್ಕು ದಿನ ನುಂಗಿದಳು. ಜ್ವರವಿಲ್ಲ, ಊಟ ಸೇರುತ್ತಿದೆ, ಹೊಲಿಗೆ ಯಂತ್ರದ ಮುಂದೆ ಕೂರುವಷ್ಟು ಶಕ್ತಿ ಬಂದಿದೆ. ಉಳಿದ ಹನ್ನೆರಡನ್ನು ಅಡುಗೆಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಳು. ಅವಳ ತವರಿನಲ್ಲಿ ಅಂಥ ಡಬ್ಬಿ ಇತ್ತು, ಅವಳ ಅಜ್ಜಿಯ ಮನೆಯಲ್ಲೂ ಇತ್ತು. ಯಾರಿಗಾದರೂ ಬೇಕಾದೀತೆಂದು ಉಳಿದ ಗುಳಿಗೆಗಳನ್ನು ಎತ್ತಿಡುವ ಡಬ್ಬಿ. ಮೌನೇಶ ಅಂಥದೊಂದು ಡಬ್ಬಿಯನ್ನು ಮದುವೆಯಾದ ವರ್ಷವೇ ಸುಟ್ಟುಹಾಕಿದ್ದ. ಗುಳಿಗೆಗಳನ್ನು ಪೂರ್ತಿ ನುಂಗಬೇಕೆಂದು ಶಾಲೆ ಶಾಲೆಗೆ ಹೋಗಿ ಭಾಷಣ ಮಾಡುತ್ತಿದ್ದವನು ಅವನು.

"ಎಲ್ಲಾ ತಗೊಂಡ್ಯಾ ಪ್ರಭಾ?" ಅಂತ ಕೇಳಿದ್ದ.

"ತಗೊಂಡೆರೀ" ಅಂದಿದ್ದಳು.

ಅವಳು ಕೆಟ್ಟ ಬುದ್ಧಿಯಿಂದ ಹಾಗೆ ಮಾಡಿದವಳಲ್ಲ. ಅಂದಿನಿಂದ ದಿನಾ ಮಧ್ಯಾಹ್ನ ಅವಳೇ ದ್ಯಾಮವ್ವನಿಗೆ ಊಟ ಒಯ್ಯುತ್ತಿದ್ದಳು. ಎಣ್ಣೆಯ ಸೋಂಕಿಲ್ಲದ ಊಟ: ಎರಡು ಜೋಳದ ರೊಟ್ಟಿ, ಬೇಯಿಸಿದ ಪುಂಡಿಪಲ್ಯೆ, ಮಜ್ಜಿಗೆ. ಆ ಕೋಣೆಗೆ ತುಪ್ಪವಿಲ್ಲದ ಊಟ ತರುತ್ತಿದ್ದವಳು ಅವಳೊಬ್ಬಳೇ. ಮೂವತ್ತು ವರ್ಷ ರೊಟ್ಟಿ ಬಡಿದ ದ್ಯಾಮವ್ವ ಪ್ರತಿ ರೊಟ್ಟಿಯನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು.

"ಅಂಚು ದಪ್ಪ ಆಗ್ಯಾವ" ಅನ್ನುತ್ತಿದ್ದಳು. ದಿನಾ ಅದೇ ಮಾತು.

"ನಾಳೆ ತೆಳ್ಳಗ ಬಡೀತೀನಿ ತಗೋ ಅಕ್ಕಾ" ಅನ್ನುತ್ತಿದ್ದಳು ಪ್ರಭಾವತಿ. ಮರುದಿನವೂ ಅಂಚು ದಪ್ಪವಾಗಿರುತ್ತಿತ್ತು. ಇಬ್ಬರೂ ನಗುತ್ತಿದ್ದರು.

ಹನ್ನೊಂದನೇ ತಿಂಗಳಲ್ಲಿ ಒಂದು ದಿನ ದ್ಯಾಮವ್ವ ರೊಟ್ಟಿಯನ್ನು ಬೆಳಕಿಗೆ ಹಿಡಿಯಲಿಲ್ಲ. ಡಬ್ಬಿಯನ್ನೂ ತೆರೆಯಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೈ ಸುಡುತ್ತಿತ್ತು.

"ತಂಗಿ, ನನಗ ಸಾಕಾಗೇತವಾ" ಅಂದಳು. "ಮುಂಜಾನಿ ಆ ಬಟ್ಟಲಾ ಕಂಡ್ರ ಉಚ್ಚಿ ಹೋಗ್ತಾವ. ನಾಯಿಗೂ ಹಿಂಗ ಮಾಡಂಗಿಲ್ಲ. ಒಂದ ದಿನಾ, ಒಂದ ದಿನಾ ನೋವಿಲ್ಲದ ಮಲಗಬೇಕು ನೋಡು. ಆಮ್ಯಾಲ ಬೇಕಾದ್ರ ಸಾಯ್ತೀನಿ."

ಪ್ರಭಾವತಿಗೆ ಮನೆಯ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ತನಗೆ ನಾಲ್ಕೇ ದಿನದಲ್ಲಿ ಜ್ವರ ಇಳಿಸಿದ ಕ್ಯಾಪ್ಸೂಲು. ಮೂರು ದಿನ, ದಿನಕ್ಕೆ ನಾಲ್ಕರಂತೆ, ರೊಟ್ಟಿಯ ಮಡಿಕೆಯಲ್ಲಿಟ್ಟು ಒಯ್ದು, ನರ್ಸು ಅತ್ತ ಹೋದ ಮೇಲೆ ಕೊಟ್ಟಳು, ಉಳಿದದ್ದನ್ನು ದಿಂಬಿನ ಕೆಳಗೆ ಇಟ್ಟುಬಂದಳು. ಹನ್ನೆರಡೂ ಖರ್ಚಾದವು.

ಜ್ವರ ಇಳಿಯಿತು. ದ್ಯಾಮವ್ವ ಎರಡು ದಿನ ಮಗುವಿನ ಹಾಗೆ ನಿದ್ದೆ ಮಾಡಿದಳು.

ಮೂರನೇ ದಿನ ಬೆಳಿಗ್ಗೆ ಮೌನೇಶ ಪ್ಲೇಟು ತೆಗೆದರೆ ಅದರಲ್ಲಿ ಏನೂ ಇರಲಿಲ್ಲ. ಬರಿ ಬಯಲು, ಪ್ಲೇಟಿನ ತುಂಬ. ಹಿಂದಿನ ದಿನ ಕೊಟ್ಟಿದ್ದ ನಾಲ್ಕೂ ಸಿರಿಂಜು ಬರಿ ಹಸಿರು ನೀರು. ಅದನ್ನು ತೆಗೆದುಕೊಂಡ ನಾಲ್ಕು ಜನ ವಾರದೊಳಗೆ ತೀರಿಕೊಂಡರು. ಐದನೇ ದಿನ ಪ್ಲೇಟು ತುಂಬಿತ್ತು, ಆದರೆ ಕ್ರಿಮಿ ಬಿಲ್ಲೆಗಳ ಅಂಚಿಗೇ ಬಂದು ಕೂತಿತ್ತು. ಖಾಲಿಯಾದ ಜಾಗಕ್ಕೆ ವಾರ್ಡಿನ ಸೊಕ್ಕಿನ ಕ್ರಿಮಿ ನಳಿಕೆ ಹತ್ತಿ ಬಂದಿತ್ತು. ಇಷ್ಟು ದಿನ ಅವಳದೇ ಹಳೆಯ ಕ್ರಿಮಿ ಅವಳನ್ನು ಅದರಿಂದ ಕಾಯುತ್ತಿತ್ತು.

ಪಿತ್ತದಲ್ಲಿ ಕ್ಯಾಪ್ಸೂಲಿನ ಅಂಶ ಸಿಕ್ಕಿತು. ಯಾರು ಕೊಟ್ಟದ್ದೆಂದು ಆಸ್ಪತ್ರೆಯಲ್ಲಿ ಎಲ್ಲರೂ ಎಲ್ಲರನ್ನೂ ನೋಡಿದರು. ಮೌನೇಶ ಮನೆಗೆ ಹೋಗಿ ಸೀದಾ ಅಡುಗೆಮನೆಗೆ ನಡೆದ. ಬಿಸ್ಕತ್ತಿನ ಡಬ್ಬಿ ಹಿಟ್ಟಿನ ಡಬ್ಬಿಯ ಹಿಂದಿತ್ತು. ಒಳಗೆ ಕ್ಯಾಪ್ಸೂಲಿನ ಖಾಲಿ ಪಟ್ಟಿ.

"ನೀ ಪೂರಾ ತಗೊಂಡಿದ್ದಿಲ್ಲ."

ಪ್ರಭಾವತಿ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಆಕಿ ಭಾಳ ಒದ್ದಾಡ್ತಿದ್ದಳ್ರೀ. ನೀವು ದಿನಾ ನೋಡ್ತೀರಿ, ನಿಮಗ ಹೆಂಗ ತಡೀತದೋ ಏನೋ. ನನಗ ತಡೀಲಿಲ್ಲ."

ಅವನಿಗೆ ಕೂಗಾಡಬೇಕೆನ್ನಿಸಿತು. ಆದರೆ ಮುದ್ದೆಯಾದ ಚೀಟಿ ನೆನಪಾಯಿತು. ಖಾಲಿ ಪಟ್ಟಿಯನ್ನು ಒಲೆಗೆ ಹಾಕಿದ. ಯಾರಿಗೂ ಹೇಳಬೇಡ ಅಂದ.

ಹನ್ನೊಂದು ತಿಂಗಳು ಬೇಡಿದರೂ ಆಗದ ಆಪರೇಶನ್ ಮರುದಿನವೇ ಆಯಿತು. ಕೆಟ್ಟ ಪಿತ್ತಕೋಶ ಒಡೆಯುವಂತಿತ್ತು. ಅಲ್ಲದೆ ಅದನ್ನು ಉಳಿಸಿಕೊಳ್ಳುವ ಕಾರಣವೂ ಯಾರಿಗೂ ಉಳಿದಿರಲಿಲ್ಲ. ಉಡಿ ತುಂಬಿದವರ ಪೈಕಿ ಒಬ್ಬರೂ ಬರಲಿಲ್ಲ. ಸರದಿಯಲ್ಲಿದ್ದವರ ಮನೆಯವರು ಕಿಟಕಿಯ ಹತ್ತಿರ ನಿಂತು, ಮುದುಕಿ ಕದ್ದು ಗುಳಿಗೆ ನುಂಗಿ ನಮ್ಮವರನ್ನು ಕೊಂದಳೆಂದು ಕೇಳಿಸುವ ಹಾಗೆ ಬೈದು ಹೋದರು. ದ್ಯಾಮವ್ವ ಪ್ರಭಾವತಿಯ ಹೆಸರು ಹೇಳಲಿಲ್ಲ. "ದಾರ್ಯಾಗ ಬಿದ್ದಿದ್ದುವು, ತಿಂದೆ" ಅಂತ ಡಾಕ್ಟರಿಗೆ ಹೇಳಿದಳು.

ಸ್ಟ್ರೆಚರಿನ ಮೇಲೆ ಮಲಗಿಸಿದಾಗ ಅವಳ ಮುಖದಲ್ಲಿ ಮದುವೆಗೆ ಹೊರಟವಳ ಕಳೆ ಇತ್ತು.

"ಇವತ್ತ ತುಪ್ಪ ಇಲ್ಲ, ಹೌದಲ್ಲೋ ಪತ್ತಾರ?"

"ಇನ್ನ ಎಂದೂ ಇಲ್ಲಕ್ಕಾ."

"ಆ ಕಲ್ಲ ನನಗ ಕೊಡಬೇಕು ನೋಡು. ಎಲ್ಲಾರಿಗೂ ಬಾಟ್ಲ್ಯಾಗ ಹಾಕಿ ಕೊಡ್ತೀರಲ್ಲ. ಅಂಗೈ ಮ್ಯಾಲ ಇಟ್ಕೊಂಡು ಒಂದಿಷ್ಟು ಬೈಬೇಕಾಗೇತಿ."

"ಕೊಡ್ತೀನಿ" ಅಂದ ಮೌನೇಶ.

ಕೊಡಲಿಲ್ಲ. ಥಿಯೇಟರಿನ ಬಾಗಿಲಲ್ಲಿ ನಿಂತು, ನರ್ಸು ಸ್ಪಿರಿಟ್ ಬಾಟಲಿಯ ಮುಚ್ಚಳ ತೆರೆಯುವುದರೊಳಗೆ ಕಲ್ಲನ್ನು ತನ್ನ ಡಬ್ಬಿಗೆ ಇಸಿದುಕೊಂಡ. ಕಂದು ಬಣ್ಣ, ಒಂದು ಕಡೆ ಚಪ್ಪಟೆ. ಲ್ಯಾಬಿನಲ್ಲಿ ಗರಗಸದಿಂದ ನಿಧಾನವಾಗಿ ಎರಡು ಹೋಳು ಮಾಡಿದ. ತಿರುಳಿನ ಪುಡಿಯನ್ನು ಪ್ಲೇಟಿಗೆ ಸವರಿ ಬಿಲ್ಲೆ ಇಟ್ಟ. ಹೋಳುಗಳನ್ನು ಎಮ್ಮೆಯ ಪಿತ್ತ ತುಂಬಿದ ಗಾಜಿನ ಜಾಡಿಯಲ್ಲಿ ಹಾಕಿ ಬೆಚ್ಚಗಿಟ್ಟ. ಮರುದಿನ ಪ್ಲೇಟಿನಲ್ಲಿ ಹನ್ನೆರಡು ಬಿಲ್ಲೆಗೆ ಹನ್ನೆರಡು ಬಯಲು. ಕ್ಯಾಪ್ಸೂಲು ಕಲ್ಲಿನ ಒಳಗೆ ಹೋಗಲು ಆಗಿರಲಿಲ್ಲ. ಮೂರನೇ ದಿನ ಜಾಡಿಯ ಪಿತ್ತದ ಒಂದು ಹನಿಯನ್ನು ಸೊಕ್ಕಿನ ಕ್ರಿಮಿಯ ಪ್ಲೇಟಿಗೆ ಬಿಟ್ಟ. ಅದರ ಸುತ್ತ ಕಾಸಿನಗಲ ಎಲ್ಲ ಸತ್ತುಹೋಯಿತು.

ಡಾ. ಹಂಚಿನಾಳ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. "ಪಿತ್ತ ಬದಲಿ ಮಾಡ್ಕೋತ ಹೋದರ ವರ್ಷಗಟ್ಟಲೆ ಬರ್ತದ ಪತ್ತಾರ್ರ. ಇನ್ನೂ ಇಂಥಾ ಹಳೇ ಕಲ್ಲು ಹುಡಕಬಹುದು. ಇಷ್ಟು ಸರಳ ಇತ್ತಲ್ಲ. ಮೊದಲೇ ತಗದಿದ್ದರ ಆಕಿನೂ..." ಮಾತು ಅರ್ಧಕ್ಕೆ ನಿಲ್ಲಿಸಿ, "ಯಾರಿಗೂ ಹೊಳೀಲಿಲ್ಲ ನೋಡ್ರಿ" ಅಂದರು.

"ಹೌದ್ರಿ ಮೇಡಮ್ಮಾರ" ಅಂದ ಮೌನೇಶ. "ಯಾರಿಗೂ ಹೊಳೀಲಿಲ್ಲ."

ಆ ಹೊತ್ತಿಗೆ ದ್ಯಾಮವ್ವನ ಕಣ್ಣು ಹಳದಿಯಾಗಿತ್ತು. ಪಿತ್ತಕೋಶ ಹೋಗಿದ್ದರೂ ಸೊಕ್ಕಿನ ಕ್ರಿಮಿ ನಾಳದಲ್ಲಿ ಕೂತಿತ್ತು. ಅದೇ ವಾರ್ಡಿನ ಇನ್ನೊಂದು ತುದಿಯಲ್ಲಿ ಪ್ರಭಾವತಿಯೂ ಮಲಗಿದ್ದಳು. ನಾಲ್ಕು ದಿನಕ್ಕೇ ಕ್ಯಾಪ್ಸೂಲು ನಿಲ್ಲಿಸಿದ್ದರಿಂದ ಅವಳೊಳಗೆ ಅಡಗಿದ್ದ ಸೊಕ್ಕಿನ ಕ್ರಿಮಿಗಳು ನಾಲ್ಕು ತಿಂಗಳಲ್ಲಿ ಸಂಸಾರ ಬೆಳೆಸಿಕೊಂಡು ಮೇಲೆದ್ದಿದ್ದವು. ಚಳಿಜ್ವರದಲ್ಲಿ ಅವಳು ಮಾತಾಡುತ್ತಿದ್ದದ್ದೆಲ್ಲ ರೊಟ್ಟಿಯ ವಿಷಯ.

ಡಾ. ಹಂಚಿನಾಳ ಮೌನೇಶನನ್ನು ಕೋಣೆಗೆ ಕರೆದು ಬಾಗಿಲು ಮುಚ್ಚಿದರು.

"ಜಾಡಿಯಿಂದ ಈಗ ಒಂದೇ ಸಿರಿಂಜ್ ಆಗ್ತದ. ಕ್ರಿಮಿ ಇನ್ನೂ ಕಲ್ಲಿಂದ ಪೂರಾ ಹೊರಗ ಬಂದಿಲ್ಲ. ಎರಡನೇದು ಆರು ದಿನಕ್ಕ. ಸರದಿ ಪ್ರಕಾರ ಮರುಕಳಿಸಿದವರಿಗೆ ಹಳೇ ನಂಬರ, ಅಂದರ ನಿಮ್ಮ ಮನಿಯವರು ಮ್ಯಾಲಿದ್ದಾರ."

"ದ್ಯಾಮಕ್ಕಂದು?"

"ಆಕಿ ಸರದ್ಯಾಗ ಇಲ್ಲ. ಆಕಿನ್ನ ರೋಗಿ ಅಂತ ಬರದೇ ಇಲ್ಲಲ್ಲ, ಮೂಲ ಅಂತ ಬರದದ. ಬದಲಿ ಮಾಡಲಿಕ್ಕೆ ಮ್ಯಾಲಿಂದ ಒಪ್ಪಿಗಿ ಬರಬೇಕು. ಬರೋತನಕ ಆಕಿ ಇರಂಗಿಲ್ಲ." ಅವರು ಮೇಜಿನ ಮೇಲೆ ಒಂದು ಫಾರ್ಮು ಇಟ್ಟರು. "ಒಂದ ದಾರಿ ಅದ. ಪಾಳಿ ಬಂದವರು ಬರದುಕೊಟ್ಟರ, ತಮ್ಮ ಪಾಳಿ ಯಾರಿಗೆ ಬೇಕಾದರೂ ಬಿಡಬಹುದು. ಪ್ರಭಾವತಿಯವರ ಸಹಿ ಸಾಕು. ಆಕಿಗೆ ಎಚ್ಚರ ಇಲ್ಲಂದ್ರ ನಿಮ್ಮದು."

"ಪ್ರಭಾ ಆರು ದಿನ ತಡಕೋತಾಳೇನ್ರಿ?"

"ಹತ್ತರಾಗ ಆರು ಮಂದಿ ತಡಕೋತಾರ."

"ದ್ಯಾಮಕ್ಕ?"

"ನಾಳೆ ಸಂಜೀತನಕ." ಡಾಕ್ಟರು ಕಿಟಕಿಯ ಕಡೆ ತಿರುಗಿದರು. "ಒಂದ ತಾಸಿನ್ಯಾಗ ಹೇಳ್ರಿ."

ಮೌನೇಶ ಫಾರ್ಮನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ವಾರ್ಡಿಗೆ ಹೋದ. ಪ್ರಭಾವತಿಗೆ ಸ್ವಲ್ಪ ಎಚ್ಚರವಿತ್ತು. ಅವನನ್ನು ನೋಡಿ, "ಅಕ್ಕ ಹೆಂಗದಾಳ್ರೀ?" ಅಂದಳು. ಆ ಫಾರ್ಮು ಅವಳ ಮುಂದೆ ಹಿಡಿದಿದ್ದರೆ ಅವಳು ಎರಡನೇ ಮಾತಿಲ್ಲದೆ ಸಹಿ ಹಾಕುತ್ತಿದ್ದಳು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವನು ಫಾರ್ಮು ತೆಗೆಯಲಿಲ್ಲ.

"ಆರಾಮದಾಳ" ಅಂದ. "ಕಲ್ಲಿಂದ ಔಷಧ ಸಿಕ್ಕೇತಿ. ಮೊದಲ ಆಕಿಗೇ ಕೊಟ್ಟೀವಿ. ಈಗ ನಿಂದು ಪಾಳಿ."

ಪ್ರಭಾವತಿ ಕಣ್ಣು ಮುಚ್ಚಿ ಕೈ ಮುಗಿದಳು. ಮೌನೇಶ ಲ್ಯಾಬಿಗೆ ಹೋಗಿ ಜಾಡಿಯ ಪಿತ್ತವನ್ನು ಸಿರಿಂಜಿಗೆ ಎಳೆದು, ಮೇಲೆ ತಾರೀಖು ಬರೆದು, ಅವಳಿಗೆ ಕಳಿಸಿಕೊಟ್ಟ. ಹನ್ನೊಂದು ತಿಂಗಳ ಅಭ್ಯಾಸ.

ಆಮೇಲೆ ಅವನು ದ್ಯಾಮವ್ವನ ಹತ್ತಿರವೂ ಹೋದ. ಹೋಗದೆ ಇರಬಹುದಿತ್ತು. ಈಗ ಅವಳಿಗೆ ಪ್ರತ್ಯೇಕ ಕೋಣೆ ಇರಲಿಲ್ಲ. ಬಾಗಿಲ ಪಕ್ಕದ ಮಂಚ, ಪರದೆಯೂ ಇಲ್ಲ.

"ಪತ್ತಾರ, ಎಲ್ಲೋ ನನ್ನ ಕಲ್ಲು?"

"ತರಾಕ ಬರಂಗಿಲ್ಲಕ್ಕಾ. ಜಾಡ್ಯಾಗ ಹಾಕ್ಯಾರ. ತಗದ್ರ ಕೆಡತೈತಿ. ಭಾಳ ಮಂದಿಗೆ ಬೇಕಾಗೇತಿ ಅದು."

"ನಂದಲ್ಲೇನೋ ಅದು?"

ಅವನು ಅವಳ ಹೊದಿಕೆ ಸರಿಮಾಡಿದ. ಅವಳು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು. ಅವಳಿಗೆ ಎಷ್ಟು ಗೊತ್ತಾಯಿತೋ ಗೊತ್ತಿಲ್ಲ.

"ಇರಲಿ ಬಿಡು" ಅಂದಳು. "ಅಲ್ಲಿ ಅದಕ್ಕ ದಿನಾ ತುಪ್ಪಾ ಹಾಕಬ್ಯಾಡ್ರಿ ಮತ್ತ."

ಮರುದಿನ ಮಧ್ಯಾಹ್ನ ಎರಡು ಗಂಟೆಗೆ ದ್ಯಾಮವ್ವ ತೀರಿಕೊಂಡಳು. ರೋಗಿಗಳ ಸಾವಿನ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ, ಅವಳು ರೋಗಿಯಲ್ಲವಲ್ಲ. 'ಮೂಲ-೧' ಅನ್ನುವ ಚೀಟಿಯನ್ನು ಜಾಡಿಗೆ ಅಂಟಿಸಿದರು. ಆರನೇ ದಿನ ಜಾಡಿಯಿಂದ ಎರಡು ಸಿರಿಂಜು ಸಿಕ್ಕವು, ಹತ್ತನೇ ದಿನ ಒಂಬತ್ತು. ಮತ್ತೆ ಜನ ಬರತೊಡಗಿದರು. ಯಾರೋ ಜಾಡಿಗೆ ಮಲ್ಲಿಗೆ ಮಾಲೆ ಹಾಕಿಹೋದರು.

ಪ್ರಭಾವತಿ ಮನೆಗೆ ಬಂದಳು. ಈ ಸಲ ಇಪ್ಪತ್ತೆಂಟೂ ಕ್ಯಾಪ್ಸೂಲು ನುಂಗಿ, ಖಾಲಿ ಪಟ್ಟಿಯನ್ನು ಗಂಡನಿಗೆ ತಂದು ತೋರಿಸಿದಳು. "ನೋಡ್ರಿ, ಒಂದೂ ಉಳಿಸಿಲ್ಲ" ಅಂದಳು. ಇನ್ನೂ ನಡೆಯಲು ಶಕ್ತಿ ಸಾಲದು, ಆಸ್ಪತ್ರೆಯ ತನಕ ಹೋಗುವಂತಿಲ್ಲ. ಆದರೆ ಬೆಳಿಗ್ಗೆ ಎದ್ದು ಕೂತಲ್ಲೇ ನಾಲ್ಕು ರೊಟ್ಟಿ ಬಡಿದಳು. ಎರಡು ಗಂಡನಿಗೆ, ಎರಡು ಬೇರೆ ಡಬ್ಬಿಯಲ್ಲಿ.

"ಇದು ಅಕ್ಕಗ" ಅಂದಳು. "ಈಗ ಪಿತ್ತಕೋಶ ಇಲ್ಲಲ್ಲ, ತುಪ್ಪ ಹಚ್ಚಿದ್ರ ನಡೀತದೇನ್ರಿ? ಬ್ಯಾಡ ಬಿಡ್ರಿ, ಆಕಿಗೆ ಅದನ್ನ ಕಂಡ್ರ ಆಗಂಗಿಲ್ಲ."

ಮೌನೇಶ ಡಬ್ಬಿ ತೆಗೆದುಕೊಂಡು ಹೋದ. ಮಧ್ಯಾಹ್ನ ಲ್ಯಾಬಿನ ಬಾಗಿಲು ಮುಚ್ಚಿ, ಜಾಡಿಯ ಎದುರು ಕೂತು, ಎರಡೂ ಡಬ್ಬಿಯ ರೊಟ್ಟಿ ತಿಂದ. ಡಬ್ಬಿಯನ್ನು ಖಾಲಿ ಮಾಡಿಯೇ ತರಬೇಕಿತ್ತು. ಎರಡನೆಯ ಡಬ್ಬಿಯ ರೊಟ್ಟಿಯನ್ನು ನೀರು ಕುಡಿದು ಇಳಿಸಿದ. ಮರುದಿನವೂ ಹಾಗೇ ಮಾಡಿದ. ಅದರ ಮರುದಿನವೂ.

ನಾಲ್ಕನೇ ದಿನ ಸಂಜೆ ಪ್ರಭಾವತಿ ಖಾಲಿ ಡಬ್ಬಿ ತೊಳೆಯುತ್ತ ಕೇಳಿದಳು: "ಏನಂದಳ್ರೀ ಅಕ್ಕ? ರೊಟ್ಟಿ ಹೆಂಗಿದ್ವಂತ?"

ಮೌನೇಶ ಅಂಗಿ ಬಿಚ್ಚಿ ಗೂಟಕ್ಕೆ ನೇತುಹಾಕಿದ. ಜೇಬಿನಲ್ಲಿ ಸಹಿ ಮಾಡದ ಫಾರ್ಮು ಇನ್ನೂ ಹಾಗೇ ಇತ್ತು.

"ಅಂಚು ದಪ್ಪ ಆಗ್ಯಾವಂತ" ಅಂದ.

ಪ್ರಭಾವತಿ ಜೋರಾಗಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. "ನಾಳೆ ತೆಳ್ಳಗ ಬಡೀತೀನಿ ಅಂತ ಹೇಳ್ರಿ ಆಕಿಗೆ" ಅಂದಳು.

"ಹೇಳ್ತೀನಿ" ಅಂದ ಮೌನೇಶ.